ಕಾಕಾನ ಪದ್ಮಿನಿಗೆ ಹೊಸ ತಗಡು

ಹಳೇ ಕಾರನ್ನು ಹೊಸದು ಮಾಡುವ ರೀಲ್ಸ್ ನೀವೂ ನೋಡಿರ್ತೀರಿ. ಮೂವತ್ತು ಸೆಕೆಂಡಿನಲ್ಲಿ ತುಕ್ಕು ಹಿಡಿದ ಡಬ್ಬಿ ಫಳಫಳ ಹೊಳೆಯುತ್ತೆ, ಹಿಂದೆ ಒಂದು ಹಾಡು. ಆ ಮೂವತ್ತು ಸೆಕೆಂಡಿಗಾಗಿ ಕತ್ತರಿಸಿ ಒಗೆದ ಭಾಗ ಇರುತ್ತಲ್ಲ, ಈ ವಾರ ಅದರ ಬಗ್ಗೆ ಬರೀತೀನಿ. ನಮ್ಮ ಮನೇಲಿ ಅದು ದೀಪಾವಳಿಯಿಂದ ಮುಂಗಾರಿನ ತನಕ ನಡೀತು, ಬರೀ ಭಾನುವಾರಗಳಲ್ಲಿ.

ಕಾರು 1986ರ ಪ್ರೀಮಿಯರ್ ಪದ್ಮಿನಿ. ಊರು ನವಲಗುಂದ ತಾಲ್ಲೂಕಿನ ಮೊರಬ. ಮಾಲೀಕ ನಮ್ಮ ಕಾಕಾ. ಎರಡನೇ ಕೈಯಲ್ಲಿ ಕೊಂಡದ್ದು. ಓಣಿಯ ಎಷ್ಟೋ ಬಾಣಂತಿಯರು ಧಾರವಾಡದ ಆಸ್ಪತ್ರೆಯಿಂದ ಊರಿಗೆ ಬಂದದ್ದು ಇದರ ಹಿಂದಿನ ಸೀಟಿನಲ್ಲಿ. ಆಮೇಲೆ ಹೊಸ ಗಾಡಿಗಳು ಬಂದವು, ಪದ್ಮಿನಿ ದಂದಕ್ಕಿ ಸೇರಿತು. ಎರಡು ಎಮ್ಮೆ, ಒಂದು ಆಕಳು, ಒಂದು ಪದ್ಮಿನಿ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಮೂಲತಃ ಇಟಲಿಯ ಫಿಯಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮಾಡ್ತಿದ್ದರು, 1974ರ ಸುಮಾರಿಗೆ ಪದ್ಮಿನಿ ಅನ್ನೋ ಹೆಸರು ಬಂತು. 1089 ಸಿಸಿ ಎಂಜಿನ್. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಇದೇ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್ ಕೊನೆಗೆ. ಆ ಸುದ್ದಿಯನ್ನ ಟಿವಿಯಲ್ಲಿ ನೋಡಿದ ಮೇಲೇ ಕಾಕಾ ಒಂದು ದಿನ ಕೊಟ್ಟಿಗೆಗೆ ಹೋಗಿ ಗಾಡಿ ಮೇಲಿನ ಮೇವು ಇಳಿಸಿದ್ದು.

ಮನೇಲಿ ಮೂರು ಪಕ್ಷ ಆದವು. ಕಾಕಾಗೆ ಗಾಡಿ ಮೊದಲಿದ್ದಂಗೇ ಆಗಬೇಕು. ಪುಣೆಯಲ್ಲಿ ಕೆಲಸ ಮಾಡೋ ಅವನ ಮಗನಿಗೆ, ಅಂದರೆ ನನ್ನ ತಮ್ಮನಿಗೆ, ಛತ್ತು ಕೊಯ್ದು ಓಪನ್ ಟಾಪ್ ಮಾಡಬೇಕು, ಅಗಲ ಟೈರು ಹಾಕಿಸಬೇಕು, ಮದುವೆ ಮೆರವಣಿಗೆಗೆ ಬಾಡಿಗೆ ಬಿಡಬೇಕು. "ಅಕ್ಕಾ, ಸುಮ್ನ ನಿಂತ್ರ ತುಕ್ಕು ಹಿಡಿತೈತಿ, ದುಡದ್ರ ಉಳಿತೈತಿ" ಅನ್ನೋದು ಅವನ ವಾದ. ಅದೂ ತೆಗೆದುಹಾಕೋ ಮಾತಲ್ಲ. ಮೂರನೇ ಪಕ್ಷ ಕಾಕಿ: "ಗುಜರಿಯವ್ಗ ಕೊಟ್ಟು ಬಿಡ್ರಿ. ಇದಕ್ಕ ಹಾಕೋ ರೊಕ್ಕದಾಗ ಒಂದು ಆಕಳಾ ಬರ್ತೈತಿ."

ಹುಬ್ಬಳ್ಳಿಯ ಒಂದು ಗ್ಯಾರೇಜು ಬಾಡಿ ಕೆಲಸಕ್ಕೆ 1,60,000 ರೂಪಾಯಿ ಹೇಳಿತ್ತು. ಕಾಕಾನ ಹತ್ತಿರ ಹೆಸರು ಮಾರಿದ ದುಡ್ಡು ಇದ್ದದ್ದು ಐವತ್ತು ಸಾವಿರ. ನಾನು ಹುಬ್ಬಳ್ಳಿಯಲ್ಲಿ ಆಫೀಸ್ ಕೆಲಸದವಳು. ಭಾನುವಾರ ಬಸ್ ಹತ್ತಿ ಊರಿಗೆ ಹೋಗೋದು ಹೇಗೂ ಇತ್ತು. ಹಾಗಾಗಿ ಈ ಕೆಲಸ ನನ್ನ ಕೊರಳಿಗೆ ಬಿತ್ತು. ಇಷ್ಟಪಟ್ಟೇ ಹಾಕಿಸಿಕೊಂಡೆ ಅನ್ನಿ.

ಛತ್ತು ಕೊಯ್ಯೋ ವಿಷಯ ಮೊದಲು ಮುಗಿಸಿದೆವು. ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತೆ, ಮೇಲಿನದು ಬರೀ ಅಂಗಿ. ಪದ್ಮಿನಿ ಹಾಗಲ್ಲ. ತಳ, ಬಾಗಿಲ ಕೆಳಗಿನ ಪಟ್ಟಿ, ಕಂಬ, ಛತ್ತು ಎಲ್ಲ ಸೇರಿಯೇ ಅದರ ಎಲುಬು. ಬೆಂಕಿಪೊಟ್ಟಣದ ಹೊರಗಿನ ಕವಚ ತಗೊಳ್ಳಿ, ಗಟ್ಟಿ ಇರುತ್ತೆ. ಅದರ ಒಂದು ಮೈ ಕತ್ತರಿಸಿ ಹಿಂಡಿ ನೋಡಿ. ತಮ್ಮನಿಗೆ ವಿಡಿಯೋ ಕಾಲಿನಲ್ಲಿ ಇದನ್ನೇ ಮಾಡಿ ತೋರಿಸಿದೆ. ಛತ್ತು ತೆಗೆದರೆ ನಡು ಬಾಗುತ್ತೆ, ಬಾಗಿಲು ಕೂಡಲ್ಲ. ಅಪಘಾತವಾದರೆ ಒಳಗಿದ್ದವರ ಗತಿ ಬೇರೆ.

ಕಾನೂನೂ ಅಡ್ಡ ಬರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಬೇಡ ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಆರ್‌ಸಿಯಲ್ಲಿ ಬಣ್ಣ ಕೂಡ ಬರೆದಿರುತ್ತೆ, ಬದಲಿಸಿದರೆ ಆರ್‌ಟಿಒದಲ್ಲಿ ದಾಖಲಾಗಬೇಕು. ಇನ್ನೊಂದು ಲೆಕ್ಕ ತಮ್ಮನಿಗೆ ಹೆಚ್ಚು ತಾಗಿತು. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿ ಮಾತ್ರ 'ವಿಂಟೇಜ್'. 20,000 ರೂಪಾಯಿ ಶುಲ್ಕ, 'ವಿಎ' ಅಕ್ಷರದ ನಂಬರು, ಹತ್ತು ವರ್ಷದ ಮಾನ್ಯತೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ನಮ್ಮ ಪದ್ಮಿನಿಗೆ 50 ತುಂಬೋದು 2036ಕ್ಕೆ. ಇವತ್ತು ಛತ್ತು ಕೊಯ್ದರೆ ಅವತ್ತಿನ ಬಾಗಿಲು ಮುಚ್ಚಿದಂತೆ. ವಿಂಟೇಜ್ ಗಾಡಿಯನ್ನ ದಿನಬಳಕೆಗೆ, ಬಾಡಿಗೆಗೆ ಓಡಿಸೋ ಹಾಗೂ ಇಲ್ಲ. ಮೆರವಣಿಗೆಯ ಯೋಜನೆ ಅಲ್ಲಿಗೆ ತಣ್ಣಗಾಯ್ತು, ಅವನ ಮುಖವೂ ಎರಡು ತಿಂಗಳು ತಣ್ಣಗೇ ಇತ್ತು.

ಈಗ ತಗಡಿನ ಮಾತು.

ನಮ್ಮ ಕಡೆ ಎರಿ ಮಣ್ಣು. ಮಳೆಗಾಲದಲ್ಲಿ ಚಪ್ಪಲಿ ಬಿಡಲ್ಲ, ಕಾರನ್ನ ಬಿಡುತ್ತಾ? ಮಡ್‌ಗಾರ್ಡ್ ಒಳಗೆ, ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯ ಮೂಲೆಗಳಲ್ಲಿ ಹೆಂಟೆ ಹೆಂಟೆ ಕೂತಿತ್ತು. ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ. ಹೊಲಕ್ಕೆ ಅದು ವರ, ತಗಡಿಗೆ ಶಾಪ. ಮೇಲೆ ದನದ ಗಂಜಲದ ತೇವ. ಬಾಗಿಲ ತಳದಲ್ಲಿ ನೀರು ಹೋಗೋಕೆ ಸಣ್ಣ ತೂತುಗಳಿರುತ್ತವೆ, ಅವು ಪೂರ್ತಿ ಮುಚ್ಚಿದ್ದವು. ಸೈಕಲ್ ಕಡ್ಡಿ ಹಾಕಿ ಬಿಡಿಸಿದೆವು. ನಿಮ್ಮ ಈಗಿನ ಕಾರಿಗೂ ಆ ತೂತುಗಳಿವೆ, ಮಳೆಗಾಲದ ಮುಂಚೆ ಒಮ್ಮೆ ನೋಡಿ.

ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಅಂತ ತಿಳಿಯೋಕೆ ಎರಡೇ ಸಾಧನ ಸಾಕು. ಬಟ್ಟೆ ಸುತ್ತಿದ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಬಣ್ಣದ ಕೆಳಗಿರೋದು ಹಳೇ ಪುಟ್ಟಿ. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟುತ್ತಾ ಹೋದರೆ ಸಪ್ಪಳ ಬದಲಾಗುತ್ತೆ. ಎಡಗಡೆ ಹಿಂದಿನ ಮಡ್‌ಗಾರ್ಡಿನಲ್ಲಿ ಪುಟ್ಟಿ ಒಂದು ಬೆರಳಿನಷ್ಟು ದಪ್ಪ ಬಂತು. ಯಾರೋ ಹಿಂದಿನವರು ತುಕ್ಕಿನ ಮೇಲೇ ಮೆತ್ತಿದ್ದರು. ಪುಟ್ಟಿ ಎರಡು ಮೂರು ಮಿಲಿಮೀಟರು ದಾಟಬಾರದು. ಅದು ತಗ್ಗು ಸಮ ಮಾಡೋ ಸಾಮಾನು, ತೂತು ಮುಚ್ಚೋದಕ್ಕಲ್ಲ. ಅದು ನೀರೂ ಕುಡಿಯುತ್ತೆ. ತುಕ್ಕಿನ ಮೇಲೆ ಹಚ್ಚಿದರೆ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತೆ.

ಬೇಕಾದ ತಗಡು 20 ಗೇಜಿನದು, ಸುಮಾರು 0.9 ಮಿಲಿಮೀಟರು. ಎಂಟು ಅಡಿ ನಾಲ್ಕು ಅಡಿಯ ಒಂದು ಹಾಳೆ ಸುಮಾರು 21 ಕೆಜಿ ತೂಗುತ್ತೆ, ನಮಗೆ 1,600 ರೂಪಾಯಿಗೆ ಸಿಕ್ಕಿತು. ಮನೇಲಿ ಉಳಿದಿದ್ದ ಮದುವೆ ಕಾರ್ಡಿನ ರಟ್ಟಿನ ಡಬ್ಬಿಗಳನ್ನ ಕತ್ತರಿಸಿ ಅಳತೆಯ ನಮೂನೆ ಮಾಡಿದೆ. ರಟ್ಟು ಕೂತರೆ ತಗಡೂ ಕೂರುತ್ತೆ. ಮಡಚೋಕೆ ಕಬ್ಬಿಣದ ಆಂಗಲ್ಲು, ಬಡಿಯೋಕೆ ಕಟ್ಟಿಗೆ ಕೊಡತಿ. ಕಬ್ಬಿಣದ ಸುತ್ತಿಗೆ ತಗಡನ್ನ ಹಿಗ್ಗಿಸಿಬಿಡುತ್ತೆ, ಕೊಡತಿ ಹಾಗೆ ಮಾಡಲ್ಲ.

ಬೆಸುಗೆಗೆ ಊರಿನ ವೆಲ್ಡಿಂಗ್ ಅಂಗಡಿಯವರು ಬಂದರು. ಟ್ರ್ಯಾಕ್ಟರ್ ಟ್ರೇಲರು, ಕುಂಟಿ, ರೆಂಟಿ ಮಾಡಿ ಪಳಗಿದ ಕೈ. ಆದರೆ ಟ್ರೇಲರಿಗೆ ಹಚ್ಚೋ ಕಡ್ಡಿ ವೆಲ್ಡಿಂಗು ಈ ತಗಡಿಗೆ ಮುಟ್ಟಿದರೆ ತೂತು. "ಅಕ್ಕಾರ, ಇದು ಹಪ್ಪಳ ಐತ್ರಿ" ಅಂದರು. ಗ್ಯಾಸ್ ಬೇಡದ, 0.8 ಮಿಮೀ ತಂತಿಯ ಸಣ್ಣ ಮಿಗ್ ಮಷೀನು 11,000ಕ್ಕೆ ತಂದೆವು. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಅದೇ. ಈಗ ಅದನ್ನ ಅವರೇ ಕಂತಿನಲ್ಲಿ ಕೊಳ್ಳೋಕೆ ಕೇಳ್ತಿದ್ದಾರೆ. ಒಂದೇ ಸಮನೆ ಗೆರೆ ಎಳೆಯೋ ಹಾಗಿಲ್ಲ. ಇಲ್ಲೊಂದು ಚುಕ್ಕಿ, ಗೇಣು ದೂರ ಇನ್ನೊಂದು ಚುಕ್ಕಿ, ಆರೋ ತನಕ ತಡಿ, ಮತ್ತೆ ನಡುವೆ ಒಂದು. ಅವಸರ ಮಾಡಿದರೆ ತಗಡು ಸುಕ್ಕಾಗುತ್ತೆ. ದಿನಕ್ಕೆ 900ರಂತೆ ಎಂಟು ದಿನ ಬಂದರು.

ಬಾಗಿಲ ಕೆಳಗಿನ ಪಟ್ಟಿ ಕತ್ತರಿಸೋ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಪೈಪು ಕೊಟ್ಟು ಬೆಸೆದೆವು, ಒಮ್ಮೆಗೆ ಒಂದೇ ಕಡೆ ಕತ್ತರಿಸಿದೆವು. ಎರಡೂ ಕಡೆ ಒಟ್ಟಿಗೆ ತೆಗೆದರೆ ಗಾಡಿ ನಡು ಕುಸಿಯುತ್ತೆ, ಆಮೇಲೆ ಯಾವ ಕೊಡತಿಯೂ ಅದನ್ನ ಎತ್ತಲ್ಲ. ಬ್ಯಾಟರಿ, ಪೆಟ್ರೋಲ್ ಟ್ಯಾಂಕು ಎರಡನ್ನೂ ಮೊದಲೇ ಬಿಚ್ಚಿ ದೂರ ಇಟ್ಟಿದ್ದೆವು. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗೆ ಇರೋದು ಪೆಟ್ರೋಲಿನ ಆವಿ. ಇದನ್ನ ಓದಿ ಕೈ ತುರಿಸೋರು ಇದೊಂದನ್ನಾದರೂ ನೆನಪಿಡಿ.

ಬೆಸುಗೆ ಆದ ಕೂಡಲೇ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳ್ಳಗೆ ಪುಟ್ಟಿ, ಆಮೇಲೆ ತಿಕ್ಕೋದು. 80, 180, 320ರ ಪೇಪರು. ಸ್ಪ್ರೇ ಡಬ್ಬಿಯ ಕರಿ ಬಣ್ಣ ಮಂಜಿನ ಹಾಗೆ ಹೊಡೆದು, ಕಟ್ಟಿಗೆ ತುಂಡಿಗೆ ಪೇಪರ್ ಸುತ್ತಿ ತಿಕ್ಕಿ. ಕರಿ ಉಳಿದ ಕಡೆ ತಗ್ಗು. ಕಾಕಿ ಮೊದಲ ಸಲ ಗಾಡಿ ಹತ್ತಿರ ಬಂದದ್ದು ಈ ಹೊತ್ತಿಗೆ. ಅಂಗೈ ಸವರಿ "ಇಲ್ಲಿ ಇನ್ನೂ ಉಬ್ಬೈತಿ" ಅಂದಳು. ರೊಟ್ಟಿ ಬಡಿಯೋ ಕೈಗೆ ನಮ್ಮ ಕಣ್ಣಿಗಿಂತ ಚೆನ್ನಾಗಿ ಗೊತ್ತಾಗುತ್ತೆ. ಮುಂದಿನ ಭಾನುವಾರಗಳಲ್ಲಿ ತಪಾಸಣೆ ಅವಳದೇ.

ಬಣ್ಣ ಮಾತ್ರ ನಾವು ಹೊಡೀಲಿಲ್ಲ. ಪಿಯು ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ, ಉಸಿರಿಗೆ ಹೋದರೆ ಜೀವನಪೂರ್ತಿ ಅಸ್ತಮಾ ಬರಬಹುದು. ಬಟ್ಟೆ ಮಾಸ್ಕು ಅದನ್ನ ತಡೆಯಲ್ಲ. ಮೇಲೆ ನಮ್ಮೂರ ಬೇಸಿಗೆಯ ಗಾಳಿ, ಧೂಳು. ಗಾಡಿಯನ್ನ ಟ್ರೇಲರಿನಲ್ಲಿ ಹೇರಿ ಹುಬ್ಬಳ್ಳಿಯ ಪೇಂಟ್ ಬೂತಿಗೆ ಒಯ್ದೆವು. ಬಣ್ಣದ ಸಾಮಾನು 9,500, ಬೂತು ಮತ್ತು ಕೂಲಿ 6,000. ಆರ್‌ಸಿಯಲ್ಲಿ ಇದ್ದ ಬಿಳಿ ಬಣ್ಣವೇ.

ಒಟ್ಟು 46,600 ಆಯ್ತು. ನನ್ನ ಬಸ್ ಚಾರ್ಜು, ಕಾಕಿಯ ಚಹಾ ಬಿಟ್ಟು.

ತಮ್ಮ ಯುಗಾದಿಗೆ ಬಂದಾಗ ತಳದ ಹೊಸ ತಗಡನ್ನ ಮಲಗಿ ನೋಡಿದ. ಮಾತಾಡಲಿಲ್ಲ. ಮರುದಿನ ನವಲಗುಂದಕ್ಕೆ ಹೋಗಿ, ಅಲ್ಲಿನ ಹೆಣ್ಣುಮಕ್ಕಳು ನೇಯೋ ಜಮಖಾನದಲ್ಲಿ ನವಿಲಿನ ಚಿತ್ರದ್ದೊಂದು ತಂದು ಹಿಂದಿನ ಸೀಟಿಗೆ ಹಾಸಿದ. "ಇದಕ್ಕ ಆರ್‌ಟಿಒ ಏನೂ ಅನ್ನಂಗಿಲ್ಲಲ್ಲ?" ಅಂತ ಕೇಳಿದ. ಅನ್ನಲ್ಲ. ಬಿಚ್ಚಿ ತೆಗೆಯೋಕೆ ಬರೋ ಅಲಂಕಾರಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕಾಕಾ ಅದರ ಮೇಲೆ ಕೂತು ನೋಡಿದ, "ಚುಚ್ಚತೈತಿ" ಅಂದ, ಆದರೆ ತೆಗೀಲಿಲ್ಲ.

ಉಳಿದದ್ದು ನೋಂದಣಿ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ನಮ್ಮದು ಯಾವಾಗಲೋ ತಪ್ಪಿಹೋಗಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ನವೀಕರಣ ಶುಲ್ಕವೇ 10,000. ತೆರಿಗೆ, ದಂಡ ಬೇರೆ. ಅಲ್ಲಿಯ ತನಕ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ. ದಿನಾ ಸಂಜೆ ಕಾಕಾ ಅಂಗಳದಲ್ಲಿ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ಕೂಡ್ತಾನೆ. ಆ ದುಡ್ಡಿಗೆ ಈ ವರ್ಷದ ಹೆಸರು ಬರಬೇಕು. ಮೊನ್ನೆ ಫೋನ್ ಮಾಡಿದಾಗ ಹೇಳಿದ: "ಮಳಿ ಚೊಲೋ ಆಗೇತಿ ತಂಗಿ. ಎಡಗಡೆ ಬಾಗಿಲಾ ಮಾತ್ರ ಇನ್ನೂ ಸ್ವಲ್ಪ ಜೋತು ಬೀಳತೈತಿ, ಬರೂ ಐತವಾರ ಸ್ಪ್ಯಾನರ್ ತಗೊಂಡು ಬಾ."