ಹೆತ್ತ ಒಡಲಿಗೆ ಕತ್ತರಿಯೊಂದೇ ಮದ್ದಲ್ಲ

ರಾಣೇಬೆನ್ನೂರಿನ ಸರಕಾರಿ ದವಾಖಾನೆಯಲ್ಲಿ 2010ರಿಂದ 2017ರ ವರೆಗೆ 1,522 ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆಯಲಾಯಿತೆಂಬ ಸಂಗತಿ ಹಾವೇರಿ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ಹೊಸದಲ್ಲವೆಂಬ ಕಾರಣದಿಂದಲೇ ಅದನ್ನು ಮರೆಯುವ ಸನ್ನಾಹ ನಡೆದಿದೆ. ಅವರಲ್ಲಿ ಬಹಳಷ್ಟು ಜನ ಹೊಲದ ಕೂಲಿಯವರು, ತಾಂಡಾದವರು, ದಲಿತ ಕೇರಿಯವರು. ಹೊಟ್ಟೆನೋವೆಂದು, ಬಿಳಿ ಹೋಗುತ್ತದೆಂದು, ಮುಟ್ಟಿನ ರಕ್ತ ನಿಲ್ಲದೆಂದು ಹೇಳಿಕೊಂಡು ಹೋದವರು ಗರ್ಭಕೋಶ ಕಳೆದುಕೊಂಡು ಬಂದರು. ಬೇಡದ ಶಸ್ತ್ರಕ್ರಿಯೆ ಮಾಡಿದರೆಂದು ದೂರು ಕೊಟ್ಟರು. 2022ರಲ್ಲಿ ಪರಿಹಾರ ಕೇಳಿಕೊಂಡು ಶಿಗ್ಗಾಂವಿಯಲ್ಲಿದ್ದ ಆಗಿನ ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿಯವರ ಮನೆಯ ಕಡೆಗೆ ಕಾಲ್ನಡಿಗೆಯಿಂದ ಹೊರಟರು. ಭಾರ ಎತ್ತಲಾಗದ ಹೆಣ್ಣುಮಕ್ಕಳು ಬಿಸಿಲಲ್ಲಿ ದಾರಿ ನಡೆಯಬೇಕಾಯಿತು.

ಯಾವ ವೈದ್ಯರದು ಎಷ್ಟು ತಪ್ಪೆಂದು ತೀರ್ಮಾನಿಸುವದು ನ್ಯಾಯಾಲಯದ ಕೆಲಸ. ನಾವು ಕೇಳುವ ಪ್ರಶ್ನೆ ಬೇರೆ. ಇಷ್ಟು ಹೆಣ್ಣುಮಕ್ಕಳು ಸೊಂಟದ ಕೆಳಗಿನ ಬೇನೆಯನ್ನು ವರ್ಷಗಟ್ಟಲೆ ಹೊತ್ತುಕೊಂಡು, ತಡೆಯಲಾರದೆ ಕಡೆಗೊಮ್ಮೆ ದವಾಖಾನೆಯ ಮೆಟ್ಟಿಲು ಹತ್ತಿದಾಗ, ಅವರಿಗೆ ಕತ್ತರಿಯನ್ನು ಬಿಟ್ಟು ಬೇರೆ ದಾರಿಯನ್ನು ತೋರಿಸುವವರು ಯಾಕೆ ಇರಲಿಲ್ಲ? ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಹೆಣ್ಣುಮಕ್ಕಳಿಗೆ ಇಂದು ಆ ದಾರಿ ತೆರೆದಿದೆಯೇ?

ಈ ವಿಷಯವನ್ನು ಪತ್ರಿಕೆಯಲ್ಲಿ ಬರೆಯಬಾರದೆಂದು ಹೇಳುವವರಿದ್ದಾರೆ. ಅವರಿಗೆ ಒಂದು ಮಾತು. ಗಿರಣಿಯಲ್ಲಿ ಚೀಲ ಹೊರುವ ಹಮಾಲನಿಗೆ ಹರ್ನಿಯಾ ಆದರೆ ಓಣಿಯೆಲ್ಲ ತಿಳಿಯುತ್ತದೆ. ಜೊತೆಗಾರರು ಪಟ್ಟಿ ಹಾಕಿ ಹುಬ್ಬಳ್ಳಿಗೆ ಕರೆದೊಯ್ಯುತ್ತಾರೆ. ಅದೇ ಹಮಾಲನ ಹೆಂಡತಿಗೆ ಗರ್ಭಕೋಶ ಕೆಳಗೆ ಇಳಿದರೆ ಅವಳು ಸೀರೆಯ ಮಡಿಕೆಯೊಳಗೆ ಬಟ್ಟೆ ಒತ್ತಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಅತ್ತೆಗೆ ಹೇಳಲು ನಾಚಿಕೆ, ಗಂಡನಿಗೆ ಹೇಳಲು ಹೆದರಿಕೆ. ಎರಡೂ ಹತ್ತಿರದ ಬೇನೆಗಳೇ: ಮೈಯ ಗೋಡೆ ಸಡಿಲಾಗಿ ಒಳಗಿನದು ಹೊರಗೆ ಒತ್ತಿ ಬರುವದು. ಒಂದಕ್ಕೆ ಅನುಕಂಪ, ಇನ್ನೊಂದಕ್ಕೆ ಮುಚ್ಚುಮರೆ ಯಾವ ನ್ಯಾಯ?

ಬೇನೆ ಹುಟ್ಟುವ ಬಗೆಯನ್ನು ತಿಳಿದುಕೊಳ್ಳುವದು ಕಠಿಣವಲ್ಲ. ಕೂಸನ್ನು ಮಲಗಿಸುವ ಬಟ್ಟೆಯ ಜೋಲಿಯನ್ನು ಎಲ್ಲರೂ ನೋಡಿದ್ದೇವೆ. ಸೊಂಟದ ಎಲುಬಿನ ಬಳೆಯ ತಳದಲ್ಲಿ ಮಾಂಸಖಂಡಗಳ ಅಂಥದೇ ಒಂದು ಜೋಲಿಯಿದೆ. ಮೂತ್ರಕೋಶ, ಗರ್ಭಕೋಶ, ಮಲದ ಕರುಳು ಮೂರಕ್ಕೂ ಅದೇ ಆಧಾರ. ಹೆರಿಗೆಯಲ್ಲಿ ಈ ಜೋಲಿ ಬಹಳ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ವಿಶ್ರಾಂತಿ, ಒಳ್ಳೆಯ ಆಹಾರ, ತಕ್ಕ ವ್ಯಾಯಾಮ ಸಿಕ್ಕರೆ ಬಹುಮಟ್ಟಿಗೆ ಮತ್ತೆ ಬಿಗಿಯಾಗುತ್ತದೆ. ಸಿಗದಿದ್ದರೆ ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ಮೂತ್ರ ಸೋರುತ್ತದೆ. ಕೆಳಗೆ ಏನೋ ಜಗ್ಗಿದಂತಾಗುತ್ತದೆ. ಸೊಂಟ ಬಿಡದೆ ನೋಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಯ ಬಿಗಿ ಇನ್ನಷ್ಟು ಇಳಿದು, ಇಪ್ಪತ್ತರಲ್ಲಿ ತಗುಲಿದ ಪೆಟ್ಟು ಐವತ್ತರಲ್ಲಿ ಪೂರ್ತಿ ಕಾಣಿಸಿಕೊಳ್ಳುತ್ತದೆ.

ಇದನ್ನು ಹಣೆಬರಹವೆಂದು ಕರೆಯುವವರು ಜೋಲಿಯ ಮೇಲೆ ಬೀಳುವ ಭಾರಗಳನ್ನು ಲೆಕ್ಕ ಹಾಕಲಿ. ಎಳೆಯ ವಯಸ್ಸಿನ ಮದುವೆ, ಮೇಲಿಂದ ಮೇಲೆ ಬಸಿರು, ತಾಸುಗಟ್ಟಲೆ ಎಳೆದ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ತಲೆಯ ಮೇಲೆ ಬುಟ್ಟಿ. ಹೊಟ್ಟೆಯೊಳಗಿನ ಒತ್ತಡವನ್ನು ಹೆಚ್ಚಿಸುವದೆಲ್ಲವೂ ಜೋಲಿಯನ್ನು ಕೆಳಗೆ ಜಗ್ಗುತ್ತದೆ: ಭಾರ ಎತ್ತುವದು, ಮಲಬದ್ಧತೆಯಿಂದ ತಿಣುಕುವದು, ಬಿಡದ ಕೆಮ್ಮು. ಹತ್ತಿಯ ಜಿನ್ನಿಂಗ್ ಗಿರಣಿಯಲ್ಲಿ ಅರಳೆಯ ಧೂಳು ಕುಡಿದು ಕೆಮ್ಮುವವಳು, ಮೆಣಸಿನಕಾಯಿಯ ಘಾಟಿನಲ್ಲಿ ಕುಳಿತು ತೊಟ್ಟು ಮುರಿಯುವವಳು, ಅಕ್ಕಿ ಗಿರಣಿಯಲ್ಲಿ ಚೀಲ ಜಗ್ಗುವವಳು, ಕೆಲಸದ ಜಾಗದಲ್ಲಿ ಪಾಯಿಖಾನೆಯಿಲ್ಲದೆ ನೀರು ಕುಡಿಯುವದನ್ನೇ ಬಿಟ್ಟವಳು, ಇವರೆಲ್ಲರ ಬೇನೆಗೆ ದೈವ ಕಾರಣವಲ್ಲ, ದುಡಿಮೆಯ ವ್ಯವಸ್ಥೆ ಕಾರಣ. ಡಾ. ರಾಮಮನೋಹರ ಲೋಹಿಯಾ ಅವರು ಹೆಣ್ಣುಮಕ್ಕಳಿಗೆ ಪಾಯಿಖಾನೆ ಬೇಕು, ಹೊಗೆಯಿಲ್ಲದ ಒಲೆ ಬೇಕು ಎಂಬದನ್ನು ದೇಶದ ರಾಜಕಾರಣದ ಪ್ರಶ್ನೆಯನ್ನಾಗಿ ಎತ್ತಿದರು. ಹೊಗೆಯ ಕೆಮ್ಮು, ತಡೆಹಿಡಿದ ಮಲಮೂತ್ರ, ಇವೆರಡೂ ಹೆತ್ತವಳ ಒಡಲಿಗೆ ಎಂಥ ಪೆಟ್ಟೆಂಬದನ್ನು ನೋಡಿದರೆ ಅದು ಎಷ್ಟು ಮೂಲದ ಪ್ರಶ್ನೆಯೆಂದು ತಿಳಿಯುತ್ತದೆ.

ಈಗ ಮದ್ದಿನ ಮಾತು. ಬೇನೆಯ ಮೊದಲ ಹಂತದಲ್ಲಿ ಬೇಕಾಗುವದು ವ್ಯಾಯಾಮ. ಅಮೇರಿಕೆಯ ವೈದ್ಯ ಆರ್ನಾಲ್ಡ್ ಕೆಗೆಲ್ ಅವರು 1948ರಲ್ಲಿಯೇ ಇದನ್ನು ಬರೆದು ಪ್ರಕಟಿಸಿದರು. ಮೂತ್ರವನ್ನೂ ಅಪಾನವಾಯುವನ್ನೂ ತಡೆಹಿಡಿಯುವಾಗ ಬಿಗಿಯಾಗುವ ಮಾಂಸಖಂಡಗಳನ್ನು ಒಳಕ್ಕೆ, ಮೇಲಕ್ಕೆ ಬಿಗಿಯುವದು. ಐದರಿಂದ ಹತ್ತು ಎಣಿಸುವಷ್ಟು ಹೊತ್ತು ಹಿಡಿಯುವದು. ಅಷ್ಟೇ ಹೊತ್ತು ಸಡಿಲು ಬಿಡುವದು. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೆ ಮೂರು ತಿಂಗಳು. ಉಸಿರು ಕಟ್ಟಬಾರದು. ಮೂತ್ರ ಮಾಡುವಾಗಲೇ ತಡೆದು ಅಭ್ಯಾಸ ಮಾಡಬಾರದು. ರೊಟ್ಟಿ ಬಡಿಯುತ್ತ, ಕೂಸಿಗೆ ಹಾಲೂಡಿಸುತ್ತ ಮಾಡಬಹುದಾದ ಈ ಮದ್ದಿಗೆ ಕಾಸಿನ ಖರ್ಚಿಲ್ಲ. ಮೊದಲ ಸಲ ತಿಳಿದವರೊಬ್ಬರು ಸರಿಯಾಗಿ ಕಲಿಸಬೇಕು, ಅಷ್ಟೆ. ಗರ್ಭಕೋಶ ಹೆಚ್ಚು ಇಳಿದಿದ್ದರೆ ಒಳಗೆ ಆಧಾರವಾಗಿ ಇಡುವ ರಬ್ಬರು ಅಥವಾ ಸಿಲಿಕಾನಿನ ಉಂಗುರವಿದೆ; ಅದರ ಅಳತೆ ನೋಡಿ ಇಟ್ಟು, ಆಗಾಗ ತೆಗೆದು ತೊಳೆದು ಪರೀಕ್ಷಿಸಬೇಕು. ಬಿಳಿ ಹೋಗುವದು ಸೋಂಕಿನಿಂದಾದರೆ ಗುಳಿಗೆಯಿದೆ; ಅತಿಸ್ರಾವಕ್ಕೂ ಔಷಧಗಳಿವೆ. ಇವೆಲ್ಲ ಸಾಲದೆ ಹೋದಾಗ ಶಸ್ತ್ರಕ್ರಿಯೆ. ಶಸ್ತ್ರಕ್ರಿಯೆ ಬೇಕಾದವಳಿಗೆ ಅದು ಪ್ರಾಣದಾನವೇ. ಅದನ್ನು ನಾವು ಹಳಿಯುವದಿಲ್ಲ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ವ್ಯಾಯಾಮವೆಂದು ಕೂಡ್ರದೆ ತಡಮಾಡದೆ ವೈದ್ಯರಲ್ಲಿಗೆ ಹೋಗಲೇಬೇಕು.

ಆದರೆ ಎಲ್ಲ ಬೇನೆಗೂ ಗರ್ಭಕೋಶ ಕಿತ್ತುಹಾಕುವದೇ ಉಪಾಯವೆಂಬದು ವೈದ್ಯಶಾಸ್ತ್ರವಲ್ಲ. ಜೋಲಿ ಸಡಿಲಾಗಿದ್ದರೆ ಗರ್ಭಕೋಶ ತೆಗೆದ ಮಾತ್ರಕ್ಕೆ ಅದು ಬಿಗಿಯಾಗುವದಿಲ್ಲ. ಮುಂದೆ ಮೂತ್ರಕೋಶವೋ ಯೋನಿಯ ಮೇಲ್ಭಾಗವೋ ಜಾರಬಹುದು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ಎಳೆಯ ವಯಸ್ಸಿನಲ್ಲಿ ತೆಗೆದುಬಿಟ್ಟರೆ ಎಲುಬು ಬೇಗ ಟೊಳ್ಳಾಗುತ್ತವೆ, ಹೃದಯರೋಗದ ಭೀತಿ ಹೆಚ್ಚುತ್ತದೆ, ಮೂವತ್ತರ ಹೆಣ್ಣು ಐವತ್ತರ ಮೈ ಹೊರಬೇಕಾಗುತ್ತದೆ. ತೆಗೆಸದಿದ್ದರೆ ಕ್ಯಾನ್ಸರ್ ಆದೀತೆಂಬ ಒಂದು ಮಾತಿನಿಂದ ಬಡವರು ಒಡವೆ ಒತ್ತೆಯಿಟ್ಟು ಹಾಸಿಗೆ ಹತ್ತುತ್ತಾರೆ. ಕ್ಯಾನ್ಸರನ್ನು ಪರೀಕ್ಷೆಯಿಂದ ಕಂಡುಹಿಡಿಯಬೇಕೇ ಹೊರತು ಹೆದರಿಕೆಯಿಂದಲ್ಲ. ಮೂವತ್ತು ದಾಟಿದವರಿಗೆ ಗರ್ಭಕೋಶದ ಕೊರಳಿನ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲಿಯೇ ಇದೆ, ಕೇಳಿ ಮಾಡಿಸಿಕೊಳ್ಳಬೇಕು.

ರಾಣೇಬೆನ್ನೂರ ಒಂಟಿಯಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಖಾಸಗಿ ದವಾಖಾನೆಗಳು ಇದೇ ಕೆಲಸ ಮಾಡಿದವೆಂಬ ದೂರು 2015ರಲ್ಲಿ ದೊಡ್ಡದಾಗಿ ಎದ್ದಿತು. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82,309 ಹೆಣ್ಣುಮಕ್ಕಳನ್ನು 2019ರಲ್ಲಿ ಅಲ್ಲಿಯ ಸರಕಾರದ ಸಮಿತಿ ವಿಚಾರಿಸಿದಾಗ 13,861 ಜನರಿಗೆ, ಅಂದರೆ ಸುಮಾರು ಆರರಲ್ಲಿ ಒಬ್ಬರಿಗೆ, ಗರ್ಭಕೋಶವಿರಲಿಲ್ಲ. ಮುಟ್ಟಿನ ರಜೆಯೆಂದು ಒಂದು ದಿನ ತಪ್ಪಿದರೂ ಮುಕದ್ದಮ ದಂಡ ಹಾಕುವಲ್ಲಿ ಗರ್ಭಕೋಶವೇ ಕೂಲಿಗೆ ಅಡ್ಡಿಯೆನಿಸುತ್ತದೆ. ಖಾಸಗಿಯವರು ಲಾಭಕ್ಕಾಗಿ ಮಾಡುತ್ತಾರೆ, ಸರಕಾರಿ ದವಾಖಾನೆಯೇ ಬಡವರ ಆಶ್ರಯ ಎಂಬದು ನಮ್ಮ ಪಕ್ಷದ ನಿಲುವು. ಇಂದಿಗೂ ಅದೇ ನಿಲುವು. ಆದರೆ ರಾಣೇಬೆನ್ನೂರಿನದು ಸರಕಾರಿ ದವಾಖಾನೆಯೇ ಎಂಬದನ್ನು ನಾವು ಮುಚ್ಚಿಟ್ಟು ಮಾತಾಡಲಾರೆವು. ಬೋರ್ಡಿನ ಮೇಲೆ ಸರಕಾರವೆಂದು ಬರೆದ ಮಾತ್ರಕ್ಕೆ ದವಾಖಾನೆ ಜನರದಾಗುವದಿಲ್ಲ. ಒಳಗೆ ನಡೆಯುವದನ್ನು ಜನ ಕೇಳುವ ಹಕ್ಕು ಚಲಾಯಿಸಿದಾಗ ಮಾತ್ರ ಅದು ಜನರದು.

ಆ ಹಕ್ಕಿಗೆ ಈಗ ಕಾನೂನಿನ ಬಲವೂ ಇದೆ. ಡಾ. ನರೇಂದ್ರ ಗುಪ್ತಾ ಅವರು 2013ರಲ್ಲಿ ಹೂಡಿದ ಸಾರ್ವಜನಿಕ ಹಿತದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟು, ಬೇಡದ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಸರಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆಜ್ಞೆ ಮಾಡಿತು. ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇರಬೇಕೆಂಬದು ಆ ಸೂಚಿಗಳಲ್ಲಿದೆ. ನೆರೆಯ ನೇಪಾಳದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು 2008ರಲ್ಲಿಯೇ ಗರ್ಭಕೋಶ ಜಾರುವ ಬೇನೆಗೆ ಆರೈಕೆ ದೊರೆಯದಿರುವದನ್ನು ಹೆಣ್ಣಿನ ಹಕ್ಕಿನ ಭಂಗವೆಂದು ಹೇಳಿತು. ಫ್ರಾನ್ಸಿನಲ್ಲಿ ಹೆರಿಗೆಯಾದ ಮೇಲೆ ಸೊಂಟದ ತಳದ ವ್ಯಾಯಾಮವನ್ನು ಕಲಿಸುವ ಖರ್ಚನ್ನು ಸಾಮಾಜಿಕ ವಿಮೆ ಭರಿಸುತ್ತದೆ. ಅಲ್ಲಿ ಸಾಧ್ಯವಾದದ್ದು ಸವಣೂರಿನಲ್ಲಿ ಯಾಕೆ ಸಾಧ್ಯವಿಲ್ಲ?

ನಮ್ಮಲ್ಲಿ ಬಾಣಂತನದ ಸಂಪ್ರದಾಯವೇನೋ ಇದೆ. ತವರಿಗೆ ಕರೆತರುವದು, ಎಣ್ಣೆ ನೀರು, ಹೊಟ್ಟೆ ಕಟ್ಟುವದು, ಅಂಟಿನುಂಡಿ. ಅದರ ತಿರುಳಾದ ವಿಶ್ರಾಂತಿ ಬಹಳ ಒಳ್ಳೆಯದು. ಆದರೆ ಉಳ್ಳವರಿಗೆ ತಿಂಗಳುಗಟ್ಟಲೆ ಸಿಗುವ ಬಾಣಂತನ ಕೂಲಿಯವಳಿಗೆ ವಾರಗಳಲ್ಲಿ ಮುಗಿಯುತ್ತದೆ. ಕಾಯಿದೆಯೂ ಹಾಗೆಯೇ. 1961ರ ಹೆರಿಗೆ ಸೌಲಭ್ಯದ ಕಾಯಿದೆಯಲ್ಲಿದ್ದ 12 ವಾರಗಳ ಸಂಬಳದ ರಜೆ 2017ರಲ್ಲಿ 26 ವಾರವಾಯಿತು. ಅದು ಮೊದಲ ಎರಡು ಮಕ್ಕಳಿಗೆ, ಅದೂ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಹೊಲಕ್ಕೆ ಹೋಗುವವಳಿಗೆ, ಹತ್ತು ಜನರಿಲ್ಲದ ಸಣ್ಣ ಗಿರಣಿಯವಳಿಗೆ ಏನೂ ಇಲ್ಲ. ಕೇಂದ್ರದ ಮಾತೃವಂದನಾ ಯೋಜನೆ ಮೊದಲ ಹೆರಿಗೆಗೆ 5,000 ರೂಪಾಯಿ ಕೊಡುತ್ತದೆ. ದಿನಗೂಲಿ 300 ರೂಪಾಯಿಯೆಂದು ಹಿಡಿದರೂ ಅದು 17 ದಿನದ ಕೂಲಿ ಆಗಲಾರದು. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನಗಳ ವರೆಗೆ ಮನೆಗೆ ಬಂದು ಕೂಸಿನ ತೂಕ, ತಾಯಿಯ ಜ್ವರ ನೋಡುತ್ತಾರೆ. ಅವರ ದುಡಿಮೆ ದೊಡ್ಡದು, ಗೌರವಧನ ಸಣ್ಣದು. ಆದರೆ 43ನೆಯ ದಿನದಿಂದ ತಾಯಿಯ ಒಡಲು ಯಾರ ವಹಿಯಲ್ಲಿಯೂ ಇಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ.

ಒಂದು: ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕು ದವಾಖಾನೆಗಳಲ್ಲಿ ಸಂತೆಯ ದಿನವೇ ಹೆಣ್ಣುಮಕ್ಕಳ ಈ ಬೇನೆಗಳ ತಪಾಸಣೆ ನಡೆಯಬೇಕು. ಹೆಣ್ಣು ವೈದ್ಯರು, ಪರದೆಯಿರುವ ಕೋಣೆ, ವ್ಯಾಯಾಮ ಕಲಿಸುವವರು, ಎಲ್ಲ ಅಳತೆಯ ಉಂಗುರಗಳು ಇರಬೇಕು. ಹಾವೇರಿಯ ಸರಕಾರಿ ವೈದ್ಯಕೀಯ ಕಾಲೇಜು ಇದರ ಹೊಣೆ ಹೊರಬೇಕು.

ಎರಡು: ಹೆರಿಗೆಯಾದ ಆರು ತಿಂಗಳಿಗೆ, ವರ್ಷಕ್ಕೆ ತಾಯಿಯನ್ನು ಮತ್ತೆ ಕೇಳಬೇಕು: ಮೂತ್ರ ಸೋರುತ್ತದೆಯೇ, ಕೆಳಗೆ ಜಗ್ಗಿದಂತಾಗುತ್ತದೆಯೇ, ಹೊಲಿಗೆಯ ಜಾಗ ನೋಯುತ್ತದೆಯೇ? ಈ ಹೆಚ್ಚಿನ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿಗೆ ಹೆಚ್ಚಿನ ಹಣ ಕೊಡಬೇಕು.

ಮೂರು: ಜಿಲ್ಲೆಯ ಯಾವ ದವಾಖಾನೆಯಲ್ಲಿ, ಯಾವ ವಯಸ್ಸಿನ ಎಷ್ಟು ಜನರಿಗೆ, ಯಾವ ಕಾರಣದಿಂದ ಗರ್ಭಕೋಶ ತೆಗೆದರೆಂಬ ಲೆಕ್ಕವನ್ನು, ಹೆಸರುಗಳನ್ನು ಬಿಟ್ಟು, ಪ್ರತಿ ತಿಂಗಳು ಪ್ರಕಟಿಸಬೇಕು. ಉಸ್ತುವಾರಿ ಸಮಿತಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಪ್ರತಿನಿಧಿಗಳು ಕೂಡ್ರಬೇಕು.

ನಾಲ್ಕು: ರಾಣೇಬೆನ್ನೂರಿನಲ್ಲಿ ಗರ್ಭಕೋಶ ಕಳೆದುಕೊಂಡವರಿಗೆ ತಕ್ಕ ಪರಿಹಾರ, ಬದುಕಿರುವ ವರೆಗೆ ಬಿಟ್ಟಿ ಔಷಧೋಪಚಾರ ಸಿಗಬೇಕು.

ಐದು: ಹೆತ್ತವಳಿಗೆ ಆರು ತಿಂಗಳು ಚೀಲ, ಬುಟ್ಟಿ ಹೊರಿಸಬಾರದು, ಹಗುರ ಕೆಲಸಕ್ಕೆ ಪೂರ್ಣ ಪಗಾರ ಕೊಡಬೇಕು. ಹೆಣ್ಣುಮಕ್ಕಳು ದುಡಿಯುವ ಪ್ರತಿ ಗಿರಣಿ, ಉಗ್ರಾಣ, ಅಂಗಡಿಯಲ್ಲಿ ನೀರಿರುವ ಪಾಯಿಖಾನೆ ಇರಬೇಕು.

ಕೊನೆಯ ಬೇಡಿಕೆ ಸರಕಾರಕ್ಕೆ ಮಾತ್ರವಲ್ಲ. ಈ ಪತ್ರಿಕೆಯನ್ನು ಓದುವ ವ್ಯಾಪಾರಸ್ಥ ಬಂಧುಗಳಲ್ಲಿ ಹಲವರು ಇಬ್ಬರು ಮೂವರು ಹೆಣ್ಣಾಳುಗಳನ್ನು ಇಟ್ಟುಕೊಂಡಿದ್ದಾರೆ. ದೊಡ್ಡ ಸಾಹುಕಾರನಿಗೆ ಕೇಳುವ ಪ್ರಶ್ನೆಯನ್ನು ಅವರೂ ತಮ್ಮ ಅಂಗಡಿಯ ಹಿಂಬಾಗಿಲಲ್ಲಿ ನಿಂತು ಕೇಳಿಕೊಳ್ಳಬೇಕು. ಗಿರಣಿ ಕಾರ್ಮಿಕರ ಸಂಘಗಳ ಬೇಡಿಕೆಯ ಪಟ್ಟಿಯಲ್ಲಿ ಬೋನಸ್ಸಿನ ಮಾತು ಮೊದಲು ಬರುತ್ತದೆ. ಹೆಣ್ಣಾಳಿನ ಪಾಯಿಖಾನೆಯ ಮಾತು ಬರುವದೇ ಇಲ್ಲ. ಲೋಹಿಯಾ ಅವರು ಹೇಳಿದ ಏಳು ಕ್ರಾಂತಿಗಳಲ್ಲಿ ಹೆಣ್ಣುಗಂಡಿನ ಸಮಾನತೆಯೂ ಒಂದು. ಅದು ವೇದಿಕೆಯ ಮೇಲಿನ ಮಾತಾಗಿ ಉಳಿಯಬಾರದು.

ಸಂಗಾತಿಗಳೇ, ನೀರಿನ ಕೊಡವನ್ನು ನೀವು ಹೊತ್ತು ತನ್ನಿರಿ. ಅದರಿಂದ ಯಾರ ಗಂಡಸುತನವೂ ಕುಂದುವದಿಲ್ಲ. ಈ ವಾರದ ಪತ್ರಿಕೆಯನ್ನು ಮನೆಗೆ ಒಯ್ದು ಹೆಂಡತಿಗೆ, ತಾಯಿಗೆ, ಅಕ್ಕತಂಗಿಯರಿಗೆ ಓದಿ ಹೇಳಿರಿ. ವ್ಯಾಯಾಮದ ಭಾಗವನ್ನು ಎರಡು ಸಲ ಓದಿರಿ. ಯಾರಿಗಾದರೂ ಗರ್ಭಕೋಶ ತೆಗೆಸಲು ಹೇಳಿದ್ದರೆ, ತುರ್ತಿನ ಪ್ರಸಂಗವಲ್ಲದಿದ್ದರೆ, ಸಹಿ ಮಾಡುವ ಮೊದಲು ಇನ್ನೊಬ್ಬ ವೈದ್ಯರಿಗೆ ತೋರಿಸಿರಿ. ಬೇರೆ ಉಪಾಯವೇನಿದೆಯೆಂದು ಬಾಯಿಬಿಟ್ಟು ಕೇಳಿರಿ. ನಾಲ್ಕೂ ತಾಲೂಕುಗಳ ದವಾಖಾನೆಗಳಿಗೆ ಕೊಡುವ ಮನವಿಗೆ ಸಹಿ ಕೂಡಿಸುವ ಕೆಲಸವನ್ನು ನಮ್ಮ ಕಾರ್ಯಕರ್ತರು ಕೈಕೊಳ್ಳುತ್ತಾರೆ. ಆ ಮನವಿಯ ಮೇಲೆ ಮೊದಲ ಸಹಿಗಳು ಗಂಡಸರದಾಗಿರಲಿ.