ದನಗಾಹಿಗಳ ಕಥೆಯೂ ಮನೆಯ ಪ್ರೇಕ್ಷಕರೂ

ಒಂದೇ ಒಲೆಯ ಮೇಲೆ ಕುದಿದ ಸಾರನ್ನು ಉಂಡು ಒಬ್ಬರು ಉಪ್ಪು ಹೆಚ್ಚಾಯಿತೆನ್ನುವರು, ಮತ್ತೊಬ್ಬರು ಸಪ್ಪೆಯಾಯಿತೆನ್ನುವರು. ಚಲಚ್ಚಿತ್ರಗಳ ವಿಷಯದಲ್ಲಿಯೂ ಇದೇ ಮಾತು. ಅದರಲ್ಲಿಯೂ ಕುದುರೆ, ಬಂದೂಕು, ದನದ ಮಂದೆ, ಬಟ್ಟಬಯಲು ಇವುಗಳ ಸುತ್ತ ಹೆಣೆದ ‘ವೆಸ್ಟರ್ನ್’ ಚಿತ್ರಗಳ ಬಗೆಗೆ ಒಂದೇ ಮನೆಯೊಳಗೆ ಇರುವಷ್ಟು ಭಿನ್ನಾಭಿಪ್ರಾಯವು ಬೇರೆ ಯಾವುದರ ಬಗೆಗೂ ಇರಲಾರದು. ಹುಡುಗರಿಗೆ ಅವು ಸಾಹಸ. ಹಿರಿಯರಿಗೆ ಅವು ಹೊಡೆದಾಟ. ಇಬ್ಬರ ಮಾತಿನಲ್ಲಿಯೂ ಎಷ್ಟು ಹುರುಳಿದೆಯೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ರಿಚರ್ಡ್ಸ್ ಟೌನ್, ಫ್ರೇಜರ್ ಟೌನ್, ಕಾಕ್ಸ್ ಟೌನುಗಳ ಹಳೆಯ ಕುಟುಂಬಗಳಿಗೆ ಇಂಗ್ಲಿಷ್ ಚಿತ್ರಗಳು ಹೊಸವಲ್ಲ. ದಂಡಿನ ಪ್ರದೇಶದಲ್ಲಿ 1936ರಲ್ಲಿಯೇ ಪ್ಲಾಜಾ ಚಿತ್ರಮಂದಿರವು ಬಾಗಿಲು ತೆರೆದಿತ್ತು. ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್ ಇದ್ದಿತು. ಇಂದು ಪ್ಲಾಜಾ ಇದ್ದೆಡೆಯಲ್ಲಿ ಮೆಟ್ರೋ ನಿಲ್ದಾಣವಿದೆ. ರೆಕ್ಸ್ 2018ರ ಕೊನೆಯ ದಿನ ಮುಚ್ಚಿಹೋಯಿತು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರವು ಬಂದ ಮೇಲೆ ಚಿತ್ರಗಳು ಮೆಲ್ಲಮೆಲ್ಲನೆ ನಮ್ಮ ಪಡಸಾಲೆಗೇ ಬಂದು ಕುಳಿತವು. ಚಿತ್ರಮಂದಿರಕ್ಕೆ ಯಾರನ್ನು ಕರೆದೊಯ್ಯಬೇಕೆಂಬುದನ್ನು ಮನೆಯ ಯಜಮಾನರು ಟಿಕೀಟು ಕೊಳ್ಳುವ ಮೊದಲೇ ನಿರ್ಧರಿಸಬಹುದಾಗಿತ್ತು. ಪಡಸಾಲೆಯಲ್ಲಿಯಾದರೋ ಅಜ್ಜಿಯೂ ಮೊಮ್ಮಗನೂ ಒಂದೇ ಚಾಪೆಯ ಮೇಲಿರುತ್ತಾರೆ. ಆದಕಾರಣ ಮನೆಯ ಪರದೆಗಾಗಿಯೇ ತಯಾರಾದ ಚಿತ್ರವನ್ನು ಅಳೆಯುವ ಅಳತೆಯು ಬೇರೆಯಾಗಿರಬೇಕಾದುದು ನ್ಯಾಯ.

ಇಂತಹ ಚಿತ್ರಗಳಲ್ಲಿ ಬಹು ಪ್ರಸಿದ್ಧವಾದುದು ‘ಲೋನ್‌ಸಮ್ ಡವ್’. ಲ್ಯಾರಿ ಮೆಕ್‌ಮರ್ಟ್ರಿ ಎಂಬ ಲೇಖಕರು ಈ ಕಥೆಯನ್ನು ಮೊದಲು ಚಿತ್ರಕ್ಕಾಗಿಯೇ ಬರೆದಿದ್ದರು; ಆ ಚಿತ್ರವು ಆಗಲಿಲ್ಲ. ಅದನ್ನೇ ಅವರು ಕಾದಂಬರಿಯಾಗಿ ಬೆಳೆಸಿ 1985ರಲ್ಲಿ ಪ್ರಕಟಿಸಿದರು. ಮರುವರ್ಷ ಅದಕ್ಕೆ ಪುಲಿಟ್ಸರ್ ಪ್ರಶಸ್ತಿ ದೊರೆಯಿತು. 1989ರ ಫೆಬ್ರವರಿಯಲ್ಲಿ ಅಮೆರಿಕದ ದೂರದರ್ಶನದಲ್ಲಿ ಅದು ನಾಲ್ಕು ಭಾಗಗಳಾಗಿ ಪ್ರದರ್ಶಿತವಾಯಿತು. ಗಡಿಕಾವಲಿನ ಕೆಲಸದಿಂದ ನಿವೃತ್ತರಾದ ಗಸ್, ಕಾಲ್ ಎಂಬ ಇಬ್ಬರು ಗೆಳೆಯರು ಟೆಕ್ಸಾಸಿನಿಂದ ದೂರದ ಮೊಂಟಾನಾವರೆಗೆ ದನದ ಮಂದೆಯನ್ನು ಹೊಡೆದುಕೊಂಡು ಹೋಗುವುದೇ ಕಥೆ. ದನಗಾಹಿಗಳ ಚಿತ್ರಗಳ ಕಾಲವು ಮುಗಿಯಿತೆಂದು ಬಲ್ಲವರು ಹೇಳುತ್ತಿದ್ದ ದಿನಗಳವು. ಆದರೂ ಅಲ್ಲಿನ ಕುಟುಂಬಗಳು ನಾಲ್ಕು ರಾತ್ರಿಯೂ ಅದನ್ನು ಬಿಡದೆ ನೋಡಿದವು. ಅದಕ್ಕೆ ಏಳು ಎಮ್ಮಿ ಪ್ರಶಸ್ತಿಗಳು ಬಂದವು; ಆದರೆ ಆ ವರ್ಷದ ಅತ್ಯುತ್ತಮ ಕಿರುಸರಣಿಯೆಂಬ ಮನ್ನಣೆಯು ಯುದ್ಧದ ಕಥೆಯೊಂದಕ್ಕೆ ಸಂದಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪಶ್ಚಿಮದ ಆ ಬದುಕು ವೀರಗಾಥೆಯಲ್ಲ, ಕಷ್ಟವೂ ಕ್ರೌರ್ಯವೂ ತುಂಬಿದುದು ಎಂದು ತೋರಿಸುವುದು ಗ್ರಂಥಕರ್ತರ ಉದ್ದೇಶವಾಗಿದ್ದಿತು. ಜನರು ಅದನ್ನು ವೀರಗಾಥೆಯೆಂದೇ ಮೆಚ್ಚಿಕೊಂಡರು. ಸತ್ತ ಗಸ್‌ನ ಶವವನ್ನು ಕೊಟ್ಟ ಮಾತಿನಂತೆ ಮೊಂಟಾನಾದಿಂದ ಟೆಕ್ಸಾಸಿಗೆ ಮರಳಿ ಒಯ್ಯುವ ಕಾಲ್‌ನ ಗೆಳೆತನಕ್ಕೆ ಕಣ್ಣೀರಿಡದವರು ವಿರಳ. ಆ ನಾಡಿನ ಮೂಲನಿವಾಸಿಗಳನ್ನು ಕಥೆಯು ಹೆಚ್ಚಾಗಿ ಭಯದ ಬಣ್ಣದಲ್ಲಿಯೇ ತೋರಿಸುತ್ತದೆಯೆಂಬ ಆಕ್ಷೇಪಣೆಯೂ ಉಂಟು, ಅದು ತಳ್ಳಿಹಾಕುವಂತಹುದಲ್ಲ.

ಆದರೆ ಮನೆಯವರು ಕೂಡಿ ಮಾತನಾಡಬೇಕಾದ ಪ್ರಸಂಗವು ಬೇರೊಂದಿದೆ. ಇವರ ಹಳೆಯ ಜೊತೆಗಾರ ಜೇಕ್ ಎಂಬುವನು ದುರ್ಬಲ ಸ್ವಭಾವದವನು. ಅವನು ಕುದುರೆಗಳ್ಳರೂ ಕೊಲೆಗಡುಕರೂ ಆದವರ ಗುಂಪಿನಲ್ಲಿ ಸೇರಿ, ಅವರ ಪಾಪವನ್ನು ತಡೆಯದೆ ನಿಲ್ಲುತ್ತಾನೆ. ಗಸ್, ಕಾಲ್ ಇಬ್ಬರೂ ಆ ಗುಂಪನ್ನು ಹಿಡಿದು, ಗೆಳೆಯನನ್ನೂ ಬಿಡದೆ ನೇಣಿಗೇರಿಸುತ್ತಾರೆ. ನ್ಯಾಯಸ್ಥಾನವಿಲ್ಲ, ವಕೀಲರಿಲ್ಲ. ಇದು ಪಕ್ಷಪಾತವಿಲ್ಲದ ನ್ಯಾಯವೆಂದು ಕೆಲವರು ಹೇಳಬಹುದು. ನ್ಯಾಯದ ಹೆಸರಿನ ಕೊಲೆಯೆಂದು ಇನ್ನು ಕೆಲವರು ಹೇಳಬಹುದು. ಚಿತ್ರವು ತೀರ್ಪನ್ನು ನಮಗೇ ಬಿಟ್ಟಿದೆ.

ಇದೇ ಪ್ರಶ್ನೆಯು ನಮ್ಮ ಬಾಗಿಲಿಗೂ ಬಂದುದುಂಟು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ದೂರದ ರಾಮನಗರದ ಬಂಡೆಗಳ ನಡುವೆ 1973ರ ಅಕ್ಟೋಬರಿನಲ್ಲಿ ‘ಶೋಲೆ’ಯ ಚಿತ್ರೀಕರಣವು ಆರಂಭವಾಯಿತು. ಅಲ್ಲಿಯೇ ಒಂದು ಹಳ್ಳಿಯನ್ನು ಕಟ್ಟಿ ರಾಮಗಢವೆಂದು ಹೆಸರಿಟ್ಟರು. ಹಿಂದಿ ಮಾತಿನ ಚಿತ್ರವಾದರೂ ಅದರ ಮೈಕಟ್ಟು ವೆಸ್ಟರ್ನ್ ಚಿತ್ರಗಳದೇ. 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ವಿಮರ್ಶಕರು ಮೂಗು ಮುರಿದರು. ಚಿತ್ರವು ಸೋತಿತೆಂದು ವ್ಯಾಪಾರಿಗಳು ಸಾರಿದರು. ಆದರೆ ನೋಡಿದವರು ನೆರೆಯವರಿಗೆ ಹೇಳಿದರು. ಮುಂಬಯಿಯ ಮಿನರ್ವಾದಲ್ಲಿ ಅದು ಐದು ವರ್ಷ ನಡೆಯಿತು. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಸಂಕಲನಕ್ಕೆ ಮಾತ್ರ ಬಹುಮಾನ ಕೊಟ್ಟವರೇ 2005ರಲ್ಲಿ ಅದನ್ನು ಐವತ್ತು ವರ್ಷಗಳ ಶ್ರೇಷ್ಠ ಚಿತ್ರವೆಂದು ಗೌರವಿಸಿದರು. ಜನರ ನಾಲಗೆಗೆ ಇಷ್ಟು ಶಕ್ತಿಯಿದೆ.

ಚಿತ್ರದ ಕೊನೆಯ ಕಥೆಯು ಇನ್ನೂ ವಿಚಾರಾರ್ಹವಾದುದು. ತನ್ನ ಮನೆಯವರನ್ನು ಕೊಂದು, ತನ್ನ ಎರಡು ಕೈಗಳನ್ನೂ ಕಡಿದ ಡಕಾಯತ ಗಬ್ಬರ್‌ನನ್ನು ಠಾಕೂರನು ಕಾಲಿನಿಂದಲೇ ತುಳಿದು ಕೊಲ್ಲುವಂತೆ ಮೊದಲು ಚಿತ್ರಿಸಿದ್ದರು. ಠಾಕೂರನು ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದವನು. ಅಂಥವನು ಕಾನೂನನ್ನು ಕೈಗೆತ್ತಿಕೊಳ್ಳಬಾರದೆಂದು ಸೆನ್ಸಾರ್ ಮಂಡಳಿಯು ಹಟ ಹಿಡಿಯಿತು. ಪೊಲೀಸರು ಬಂದು ಗಬ್ಬರ್‌ನನ್ನು ಬಂಧಿಸುವಂತೆ ಕೊನೆಯನ್ನು ತಿದ್ದಿದರು. ಆಗ ದೇಶದಲ್ಲಿ ತುರ್ತುಪರಿಸ್ಥಿತಿಯಿದ್ದಿತು. ಪ್ರಜೆಗಳ ಹಕ್ಕುಗಳನ್ನು ಅಮಾನತಿನಲ್ಲಿಟ್ಟಿದ್ದ ಕಾಲದಲ್ಲಿ ಪರದೆಯ ಮೇಲೆ ಕಾನೂನಿನ ಪಾಠವನ್ನು ಹೇಳಿಸಿದುದು ನಗೆ ತರಿಸುವ ಸಂಗತಿ. ಐವತ್ತು ವರ್ಷಗಳ ಬಳಿಕ, 2025ರಲ್ಲಿ, ಚಿತ್ರವನ್ನು ಜೀರ್ಣೋದ್ಧಾರ ಮಾಡಿ ಮೊದಲಿನ ಕೊನೆಯೊಡನೆ ತೋರಿಸಿದರು.

ಹಾಗಾದರೆ ಮಕ್ಕಳಿಗೆ ಯಾವ ಕೊನೆಯು ಒಳ್ಳೆಯದು? ತಿದ್ದಿದ ಕೊನೆಯೇ ಕ್ಷೇಮವೆಂದು ಗೃಹಸ್ಥರು ಹೇಳುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಎಳೆಯ ಮಕ್ಕಳಿಗೆ ಅದೇ ಸರಿ. ಆದರೆ ಬುದ್ಧಿ ಬಲಿಯುತ್ತಿರುವ ಹುಡುಗ ಹುಡುಗಿಯರಿಗೆ ಎರಡನ್ನೂ ತೋರಿಸಿ, ಠಾಕೂರನಿಗೆ ಸೇಡಿನಿಂದ ಏನು ದೊರೆಯಿತೆಂದು ಕೇಳುವುದು ಮೇಲು. ಮಡಿದ ಮಗನೂ ಸೊಸೆಯ ಕುಂಕುಮವೂ ಯಾವ ಕೊನೆಯಿಂದಲೂ ಮರಳಿ ಬರುವುದಿಲ್ಲವೆಂಬುದನ್ನು ಅವರೇ ಕಂಡುಕೊಂಡರೆ, ಸೆನ್ಸಾರ್ ಮಂಡಳಿಯು ಕತ್ತರಿಯಿಂದ ಮಾಡಲಾಗದ ಕೆಲಸವು ಆಗುತ್ತದೆ. ಜೇಕ್‌ನ ನೇಣಿನ ವಿಷಯದಲ್ಲಿಯೂ ಹೀಗೆಯೇ: ಅವನನ್ನು ನೇಣಿಗೆ ಹಾಕಿದ್ದು ಸರಿಯೇ ಎಂದು ಕೇಳುವುದಕ್ಕೆ ಮೊದಲು, ಕೆಟ್ಟವರ ಸಂಗದಲ್ಲಿ ಬಾಯಿ ಮುಚ್ಚಿ ನಿಂತವನ ಪಾಲು ಎಷ್ಟು ಎಂದು ಕೇಳಿ ನೋಡಬೇಕು.

ಆದುದರಿಂದ ಚಿತ್ರವು ಮುಗಿದೊಡನೆ ಯಂತ್ರವನ್ನು ಆರಿಸಿ ಎಲ್ಲರೂ ಮಲಗಲು ಏಳುವುದರ ಬದಲು, ಅರ್ಧ ಗಂಟೆ ಕುಳಿತು ಮಾತನಾಡುವ ರೂಢಿಯನ್ನು ವಾಚಕರು ಇಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ. ಮಕ್ಕಳ ಅಭಿಪ್ರಾಯವನ್ನು ಮೊದಲು ಕೇಳಲಿ. ಹಿರಿಯರು ತಮ್ಮದನ್ನು ಕಡೆಯಲ್ಲಿ ಹೇಳಲಿ.