ಮೊದಲು ಆ ಹುಡುಗನ ಮನೆಗೆ ಹೋಗಿ

ಕಳೆದ ಮಂಗಳವಾರ ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದೆ. ಬೆಂಗಳೂರಿನ ಕಾಲೇಜೊಂದರಿಂದ ಬಿ.ಎಸ್ಸಿ. ಓದುವ ಹತ್ತು ಹನ್ನೆರಡು ಮಂದಿ ಮಕ್ಕಳಿಗೆ ಜೀವವಿಜ್ಞಾನ ಹೇಳಿಕೊಡಲು ಬಂದಿದ್ದರು. ಬ್ಯಾನರು, ಪ್ರೊಜೆಕ್ಟರು, ಬಿಸ್ಕತ್ತು ಪೊಟ್ಟಣ ಎಲ್ಲವೂ ಬಂದಿದ್ದವು. ವಿಷಯ ಚಿಟ್ಟೆಯ ಜೀವನಚಕ್ರ. ಗೋಡೆಯ ಮೇಲೆ ಎಗ್, ಲಾರ್ವಾ, ಪ್ಯೂಪಾ, ಅಡಲ್ಟ್ ಎಂದು ನಾಲ್ಕು ಚಿತ್ರ ಮೂಡಿತು. ಪಾಠ ಮಾಡುತ್ತಿದ್ದ ಹುಡುಗಿ ಆ ನಾಲ್ಕು ಪದಗಳನ್ನು ಮಕ್ಕಳಿಂದ ಮೂರು ಸಲ ಹೇಳಿಸಿದಳು. "ಹುಳು ಗೂಡು ಕಟ್ಟಿ ಒಳಗೆ ಮಲಗುತ್ತೆ, ಆಮೇಲೆ ಚಿಟ್ಟೆಯಾಗಿ ಹೊರಗೆ ಬರುತ್ತೆ" ಎಂದಳು.

ನಾಲ್ಕನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. "ಅಕ್ಕಾ, ಇದರ ಗೂಡಲ್ಲೂ ನೂಲು ಬರುತ್ತಾ?"

ಅವಳಿಗೆ ಪ್ರಶ್ನೆ ಹಿಡಿಯಲಿಲ್ಲ. ಮುಂದಿನ ಸ್ಲೈಡಿಗೆ ಹೋದಳು.

ವಾರವಿಡೀ ನನ್ನನ್ನು ಕೊರೆದದ್ದು ಇದೇ. ಆ ದಿನ ಆ ಕೋಣೆಯಲ್ಲಿ ಹುಟ್ಟಿದ ಒಂದೇ ಒಂದು ವಿಜ್ಞಾನದ ಪ್ರಶ್ನೆ ಅದು. ಅದಕ್ಕೆ ಸಿಕ್ಕಿದ್ದು ಒಂದು ಗುಂಡಿ ಒತ್ತಿದ ಸದ್ದು. ಹುಡುಗನ ಅನುಮಾನ ನ್ಯಾಯವಾದದ್ದೇ. ಚಿಟ್ಟೆಯ ಹುಳು ಸಾಮಾನ್ಯವಾಗಿ ನೂಲಿನ ಗೂಡು ಕಟ್ಟುವುದಿಲ್ಲ. ಎಲೆಗೋ ಕಡ್ಡಿಗೋ ಚೂರು ನೂಲಿನಿಂದ ಅಂಟಿಕೊಂಡು, ಬರೀ ಮೈಯ ಕೋಶವಾಗಿ ನೇತಾಡುತ್ತದೆ. ಸುತ್ತ ನೂಲು ಸುತ್ತಿಕೊಂಡು ಗೂಡು ಮಾಡುವುದು ಪತಂಗಗಳ ಕೆಲಸ. ರೇಷ್ಮೆಯದ್ದು ಪತಂಗ, ನಮ್ಮ ರೈತರು ಅದನ್ನೂ ಚಿಟ್ಟೆ ಎಂದೇ ಕರೆಯುತ್ತಾರೆ. ಪದ ಒಂದೇ, ಪ್ರಾಣಿ ಬೇರೆ. ಈ ಗಂಟನ್ನು ಬಿಚ್ಚಿದ್ದರೆ ಅದೇ ಒಂದು ತಾಸಿನ ಪಾಠವಾಗುತ್ತಿತ್ತು.

ಶಿಡ್ಲಘಟ್ಟದ ಮಕ್ಕಳಿಗೆ ಹುಳುವಿನ ವಿಷಯ ಹೇಳಲು ಹೋಗುವವರು ಒಂದು ಮಾತು ತಿಳಿದಿರಬೇಕು. ರಾಮನಗರದ ಹಾಗೆ ಇದೂ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯ ಊರು. ಇಲ್ಲಿನ ಮಕ್ಕಳು ಹುಳುವಿಗೆ ಸೊಪ್ಪು ತಂದು ಹಾಕಿ ಬೆಳೆದವರು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಒಂದು ವಾರ ಹಗಲೂ ರಾತ್ರಿ ಮೇಯುತ್ತದೆ, ಆಮೇಲೆ ಹಣ್ಣಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ. ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ಕಡಿದುಹೋಗಿ ನೂಲು ಬಿಚ್ಚಲು ಬರುವುದಿಲ್ಲ ಎಂಬುದೂ ಈ ಮಕ್ಕಳಿಗೆ ಗೊತ್ತು. ಇಂಥವರ ಬಾಯಲ್ಲಿ ಲಾರ್ವಾ ಲಾರ್ವಾ ಎಂದು ಹೇಳಿಸಿ ಬರುವುದನ್ನು ವಿಜ್ಞಾನ ಪ್ರಸಾರ ಎನ್ನಲು ನಾನು ಒಪ್ಪುವುದಿಲ್ಲ.

ತಪ್ಪು ಆ ಹುಡುಗಿಯದಲ್ಲ. ಅದು ಗೊತ್ತಾದದ್ದು ಊಟದ ಹೊತ್ತಿನಲ್ಲಿ. ಅವಳೇ ಬಂದು, "ಸಾರ್, ಆ ಹುಡುಗ ಏನು ಕೇಳಿದ?" ಎಂದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಖ್ಯ ಶಿಕ್ಷಕರಿಗೆ ಹೇಳಿ ಮೂವರೂ ಅವನ ಮನೆಗೆ ನಡೆದೆವು. ಹುಳುಮನೆಯ ಬಾಗಿಲಲ್ಲಿ ಹುಡುಗ ನಮ್ಮ ಚಪ್ಪಲಿ ಬಿಡಿಸಿದ, ಬ್ಲೀಚಿಂಗ್ ನೀರಿನಲ್ಲಿ ಕೈ ತೊಳೆಸಿದ. "ಇಲ್ಲಾಂದ್ರೆ ಹುಳಕ್ಕೆ ರೋಗ ಬರುತ್ತೆ ಅಕ್ಕಾ." ನಾಲ್ಕನೇ ಜ್ವರದಿಂದ ಎದ್ದ ಹುಳುಗಳು. ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆಯ ಹಾಗಿತ್ತು.

ಹುಡುಗಿ ಚೀಲದಿಂದ ಕೈಮಸೂರ ತೆಗೆದಳು. ಒಂದು ಹುಳುವನ್ನು ಅಂಗೈಯಲ್ಲಿಟ್ಟು ಕಾಲು ಎಣಿಸು ಎಂದಳು. ಹದಿನಾರು ಎಂದ. ಕೀಟಕ್ಕೆ ಆರೇ ಕಾಲು ಎಂದು ಪುಸ್ತಕದಲ್ಲಿದೆಯಲ್ಲ? ಇಬ್ಬರೂ ಬಗ್ಗಿ ನೋಡಿದರು. ಎದೆಯ ಹತ್ತಿರ ಚೂಪಾದ ಆರು ಕಾಲು, ಹಿಂದೆ ಮೆತ್ತಗಿನ ಹತ್ತು. ಮುಂದಿನ ಆರೇ ನಿಜವಾದ ಕಾಲುಗಳು, ಹಿಂದಿನವು ಚಿಟ್ಟೆಯಾದಾಗ ಉಳಿಯುವುದಿಲ್ಲ ಎಂದು ಅವಳು ವಿವರಿಸಿದಳು. ಪಕ್ಕೆಯಲ್ಲಿ ಸಾಲಾಗಿ ಒಂಬತ್ತು ಕಪ್ಪು ಚುಕ್ಕೆ ತೋರಿಸಿ, ಹುಳು ಉಸಿರಾಡುವುದು ಇದರಿಂದ ಎಂದಳು. ಹುಟ್ಟಿದಂದಿನಿಂದ ಆ ಚುಕ್ಕೆಗಳನ್ನು ಕಂಡಿದ್ದ ಹುಡುಗ ಅಂಗೈಯ ಹುಳುವಿನಿಂದ ಕಣ್ಣೇ ತೆಗೆಯಲಿಲ್ಲ.

ಆಮೇಲೆ ಅವನ ಸರದಿ. ಮೈಮೇಲೆ ಕರಿಮಚ್ಚೆಯಿದ್ದ ಹುಳುವೊಂದನ್ನು ಎತ್ತಿ, "ಇದಕ್ಕೆ ಊಜಿ ಹೊಡೆದಿದೆ" ಎಂದ. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಅದರ ಮರಿ ಒಳಹೊಕ್ಕು ಹುಳುವನ್ನೇ ತಿಂದು ಬೆಳೆಯುತ್ತದೆ. ಹುಡುಗಿ ಈ ಬಗೆಯ ಪರಾವಲಂಬನೆಯ ಬಗ್ಗೆ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದಾಳಂತೆ. ಕಣ್ಣಾರೆ ಕಂಡದ್ದು ಅದೇ ಮೊದಲು.

ನಾನು ಹಿಂದೆಯೂ ಇದನ್ನು ಬರೆದಿದ್ದೇನೆ, ಓದುಗರಿಗೆ ಬೇಸರವಾದರೂ ಮತ್ತೆ ಬರೆಯುತ್ತೇನೆ. ಜೀವವಿಜ್ಞಾನದ ಪದವಿ ಜೀವಿಯನ್ನು ಮುಟ್ಟದೆಯೇ ಮುಗಿಯುತ್ತಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಾಡು ಸುತ್ತಿಸಿದರು. ಆ ತಿರುಗಾಟವೇ 'ಹಸುರು ಹೊನ್ನು' ಆಯಿತು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಫ್ರಾನ್ಸಿನ ರೇಷ್ಮೆಹುಳುಗಳು ರೋಗದಿಂದ ಸಾಯುತ್ತಿದ್ದಾಗ, 1865ರಲ್ಲಿ ಲೂಯಿ ಪಾಶ್ಚರ್ ಹುಳು ಸಾಕುವವರ ನಡುವೆಯೇ ಹೋಗಿ ಕೂತ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆ ಬಿಸಾಡಿ ಎಂದ. ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿಚಿಟ್ಟೆಯನ್ನು ಹೀಗೇ ಪರೀಕ್ಷಿಸುತ್ತಾರೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸೂಕ್ಷ್ಮದರ್ಶಕದ ಕಥೆ ಯಾವುದಿದೆ?

ಕಾಲೇಜುಗಳಿಗೆ ಒಂದು ದಿನದ ಫೋಟೊ ಸಾಕು, ಮಾನ್ಯತೆ ಕೊಡುವವರು ಬಂದಾಗ ಫೈಲಿನಲ್ಲಿರಬೇಕು ಅಷ್ಟೆ. ಇದು ಮಕ್ಕಳಿಗೂ ಮೋಸ, ಆ ವಿದ್ಯಾರ್ಥಿಗಳಿಗೂ ಮೋಸ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿಯೊಬ್ಬ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಅದರಲ್ಲಿ 30 ಗಂಟೆ ಒಂದೇ ಶಾಲೆಗೆ ಕೊಡಲಿ. ಚಾಕಿ, ಅಂದರೆ ಎಳೆಯ ಹುಳು, ಮನೆಗೆ ಬಂದ ದಿನ ಒಂದು ಸಲ, ಮೂರನೇ ಜ್ವರಕ್ಕೊಮ್ಮೆ, ನಾಲ್ಕನೇ ಜ್ವರಕ್ಕೊಮ್ಮೆ, ಹುಳು ಹಣ್ಣಾದಾಗ, ಗೂಡು ಬಿಡಿಸುವಾಗ. ಸುಮಾರು ಮೂರು ವಾರದಲ್ಲಿ ಐದು ಭೇಟಿ. ಹತ್ತು ಗೂಡು ಶಾಲೆಯಲ್ಲೇ ಉಳಿಸಿಕೊಂಡರೆ ಚಿಟ್ಟೆ ಹೊರಬರುವುದನ್ನೂ ಮಕ್ಕಳು ನೋಡುತ್ತಾರೆ. ಕಡಲತೀರದವರು ಏಡಿ ನೋಡಲಿ, ಮಲೆನಾಡಿನವರು ಕಪ್ಪೆಯ ಮೊಟ್ಟೆ ನೋಡಲಿ. ಆಯಾ ಊರಿನ ಮಕ್ಕಳಿಗೆ ಗೊತ್ತಿರುವುದನ್ನು ಮೊದಲು ಕೇಳಿಸಿಕೊಳ್ಳಲಿ, ಅವರ ಮಾತಿನಲ್ಲೇ ಹೇಳಲಿ.

ಪ್ರಾಂಶುಪಾಲರೇ, ನಿಮ್ಮ ಕಾಲೇಜಿನ ಹೆಸರು ನಾನಿಲ್ಲಿ ಬರೆದಿಲ್ಲ. ಆ ಹುಡುಗನ ಮನೆಗೆ ಮುಂದಿನ ಚಾಕಿ ಬರುವುದು ಬರುವ ತಿಂಗಳ ಮೊದಲ ವಾರ ಎಂದು ಅವನ ತಾಯಿ ಹೇಳಿದ್ದಾರೆ. ಕೈಮಸೂರ ಕೊಟ್ಟು ಆ ಹುಡುಗಿಯನ್ನೇ ಕಳಿಸಿ. ಐದು ಸಲ ಕಳಿಸಿ.